ಕಚ್ಚಿಕೊಂಡ ಬೋಲ್ಟು

ಬೋಲ್ಟ್ ಬಿಚ್ಚೋದೂ ಒಂದು ಕೆಲಸವಾ ಅಂತ ಕೇಳುವವರಿಗೆ ನನ್ನದು ಒಂದೇ ಮಾತು. ನಮ್ಮ ಕೊಪ್ಪದಲ್ಲಿ ನಾಲ್ಕು ಮಳೆಗಾಲ ಹೊರಗೆ ನಿಂತ ಬೈಕಿನ ಒಂದು ಬೋಲ್ಟ್ ಬಿಚ್ಚಿ ತೋರಿಸಿ, ಆಮೇಲೆ ಮಾತಾಡೋಣ. ನಮ್ಮ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡೋದಿಲ್ಲ. ಒಗೆದ ಬಟ್ಟೆ ಬಚ್ಚಲ ಒಲೆಯ ಮೇಲೆ ಒಣಗಬೇಕು, ಗೋಡೆಗೆ ಪಾಚಿ ಬರುತ್ತೆ, ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತೆ. ಅಂಥ ಕಡೆ ಕಬ್ಬಿಣದ ಗತಿ ಏನಾಗಬೇಕು? ಶೃಂಗೇರಿಯವರಿಗೂ ಎನ್.ಆರ್. ಪುರದವರಿಗೂ ಇದೇ ಪಾಡು.

ನಾನು ಮೆಕ್ಯಾನಿಕಲ್ ಬ್ರ್ಯಾಂಚ್. ಕಂಪ್ಯೂಟರ್ ಸೈನ್ಸ್‌ನವರು ನಮ್ಮ ಕ್ಲಾಸಿನ ಖಾಲಿ ಬೆಂಚು ನೋಡಿ ನಗೋದು ಗೊತ್ತು, ನಗಲಿ. ಮೂರನೇ ಸೆಮ್ ಮುಗಿಸಿ ರಜೆಗೆ ಊರಿಗೆ ಹೋದಾಗ ನನಗೆ ಒಂದು ಪ್ರಾಜೆಕ್ಟ್ ಸಿಕ್ಕಿತು. ಸಿಲೆಬಸ್ ಇಲ್ಲ, ಮಾರ್ಕ್ಸ್ ಇಲ್ಲ, ಆದರೆ ಡೆಡ್‌ಲೈನ್ ಇತ್ತು. ಅಜ್ಜಯ್ಯನ ಯೆಜ್ಡಿ ರೋಡ್‌ಕಿಂಗ್ ಅನ್ನು ಒಂದು ತಿಂಗಳಲ್ಲಿ ಸ್ಟಾರ್ಟ್ ಮಾಡಬೇಕು. ಮೈಸೂರಿನಿಂದ ಒಬ್ಬರು ನೋಡೋಕೆ ಬರ್ತಾರೆ. ಅವರು ಹಳೆ ಬೈಕ್ ಕೂಡಿಡುವವರು. ಫೋನಿನಲ್ಲೇ ಶರತ್ತು ಹೇಳಿದ್ದರು: ಎಂಜಿನ್ ಕೇಸ್ ಮೂಲದ್ದೇ ಇರಬೇಕು, ಅದಕ್ಕೆ ವೆಲ್ಡಿಂಗ್ ಮುಟ್ಟಿರಬಾರದು, ಸಿಲಿಂಡರಿನ ಥ್ರೆಡ್ ಹೋಗಿರಬಾರದು, ಕಿಕ್ ಹೊಡೆದರೆ ಸ್ಟಾರ್ಟ್ ಆಗಬೇಕು. ಇಷ್ಟಿದ್ದರೆ 80 ಸಾವಿರ. ಇಲ್ಲದಿದ್ದರೆ ಗುಜರಿಗಿಂತ ಸ್ವಲ್ಪ ಮೇಲೆ, ಅಷ್ಟೇ.

80 ಸಾವಿರ ಅಂದರೆ ನನ್ನ ಮುಂದಿನ ವರ್ಷದ ಫೀಸಿಗೆ ಹತ್ತಿರ ಹತ್ತಿರ. ಹಿಂದಾಗಿದ್ದರೆ ಅಪ್ಪಯ್ಯ ಇದಕ್ಕೆ ಬೈಕಿನ ಕಡೆ ನೋಡುತ್ತಿರಲಿಲ್ಲ, ಅಡಿಕೆ ನೋಡಿಕೊಳ್ಳುತ್ತಿತ್ತು. ಆದರೆ ಶೃಂಗೇರಿ, ಕೊಪ್ಪ, ಎನ್.ಆರ್. ಪುರ ಮೂರೂ ತಾಲ್ಲೂಕಿನ ಹೆಸರು ಒಟ್ಟಿಗೆ ಪೇಪರಿನಲ್ಲಿ ಬಂದರೆ ಅದು ಬಹಳ ಸಲ ಹಳದಿ ಎಲೆ ರೋಗದ ಸುದ್ದಿ. ಸೋಗೆ ಹಳದಿ ತಿರುಗುತ್ತೆ, ಕಾಯಿ ಉದುರುತ್ತೆ, ಫಸಲು ವರ್ಷ ವರ್ಷ ಇಳಿಯುತ್ತೆ. ಕೊಳೆರೋಗಕ್ಕಾದರೆ ಔಷಧಿ ಹೊಡೆಯಬಹುದು, ಇದಕ್ಕೆ ಹೊಡೆದು ವಾಸಿ ಮಾಡುವ ಔಷಧಿ ಇಲ್ಲ. ನಮ್ಮ ತೋಟದ ಕೆಳಗಿನ ತುಂಡಿನಲ್ಲಿ ಈಗ ಕೊನೆಗಿಂತ ಖಾಲಿ ಮರವೇ ಜಾಸ್ತಿ. ಹಾಗಾಗಿ ಕೊಟ್ಟಿಗೆಯ ಮೂಲೆಯಲ್ಲಿ ಹದಿನೈದು ವರ್ಷ ಗೋಣಿ ಹೊದ್ದುಕೊಂಡು ನಿಂತಿದ್ದ ಬೈಕು ಲೆಕ್ಕಕ್ಕೆ ಬಂತು.

ಯೆಜ್ಡಿ ನಮ್ಮದೇ ರಾಜ್ಯದ ಗಾಡಿ, ಇದು ಎಷ್ಟು ಜನಕ್ಕೆ ಗೊತ್ತೋ ಇಲ್ಲವೋ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿ 1960ರಲ್ಲಿ ಶುರುವಾಯಿತು. ಮೊದಲು ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಇಲ್ಲಿ ತಯಾರಿಸಿದರು, 1973ರಿಂದ ಯೆಜ್ಡಿ ಅನ್ನುವ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್. 250 ಸಿಸಿ, ಟೂ ಸ್ಟ್ರೋಕ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ, ಕಿಕ್ ಹೊಡೆದು ಮುಂದಕ್ಕೆ ಮಡಚಿದರೆ ಅದೇ ಗೇರು. ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಈಗ ಅದೇ ಹೆಸರಿನಲ್ಲಿ ಹೊಸ ಬೈಕ್ ಬಂದಿದೆ, ಆದರೆ ಅದರ ಪಾರ್ಟ್ ಇದಕ್ಕೆ ಆಗೋದಿಲ್ಲ. ಅಂದರೆ ನಮ್ಮ ಎಂಜಿನ್ ಕೇಸ್ ಒಡೆದರೆ ಇನ್ನೊಂದನ್ನು ಊರೂರು ಹುಡುಕಬೇಕು.

ಅಪ್ಪಯ್ಯ ಗ್ಯಾರೇಜಿನ ಮೇಸ್ತ್ರಿಯನ್ನು ಮನೆಗೇ ಕರೆಸಿದರು. ನಾಲ್ಕು ದಶಕದಿಂದ ಈ ಮೂರು ತಾಲ್ಲೂಕಿನ ಬೈಕ್ ನೋಡಿದ ಮನುಷ್ಯ. ಅವರು ಬಂದವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಬೈಕಿನ ಸುತ್ತ ಎರಡು ಸುತ್ತು ಬಂದರು, ಪ್ರತಿ ಬೋಲ್ಟಿನ ತಲೆಯನ್ನೂ ಉಗುರಿನಿಂದ ಕೆರೆದು ನೋಡಿದರು. ಆಮೇಲೆ ವೈರ್ ಬ್ರಷ್ ನನ್ನ ಕೈಗೆ ಕೊಟ್ಟು, "ಎಲ್ಲ ತಿಕ್ಕು. ಆಮೇಲೆ ಎಣ್ಣೆ ಬಿಡು. ನಾನು ನಾಡಿದ್ದು ಬರ್ತೆ" ಅಂದರು.

"ನಾಡಿದ್ದಾ ಮೇಸ್ತ್ರಿ? ನಾಳೆ ಆಗಲ್ವಾ?"

"ಎಂತ ಅವಸರ ಮಾರಾಯ್ತಿ? ಅದು ಹದಿನೈದು ವರ್ಷ ಕೂತು ಕಚ್ಚಿಕೊಂಡದ್ದು. ಎರಡು ರಾತ್ರಿ ಕೊಡು ಅದಕ್ಕೆ."

ಕಚ್ಚಿಕೊಂಡದ್ದು. ಶಾಲೆಯಿಂದ ಇಂಗ್ಲಿಷ್ ಮೀಡಿಯಮ್‌ನಲ್ಲೇ ಓದಿದ ನನಗೆ ಇದಕ್ಕೆ ಪುಸ್ತಕದ ಪದ ಗೊತ್ತಿತ್ತು, ಸೀಜ಼್ ಆಗೋದು ಅಂತ. ಆದರೆ ಒಳಗೆ ಏನಾಗಿದೆ ಅನ್ನೋದನ್ನು ಮೇಸ್ತ್ರಿಯ ಪದವೇ ಚೆನ್ನಾಗಿ ಹೇಳುತ್ತೆ. ಕಬ್ಬಿಣ ತುಕ್ಕಾದಾಗ ಜಾಗ ಜಾಸ್ತಿ ಬೇಕು. ಮೂಲ ಕಬ್ಬಿಣಕ್ಕಿಂತ ತುಕ್ಕಿನ ಗಾತ್ರ ಎರಡು ಪಟ್ಟಿಗೂ ಮೇಲೆ. ಥ್ರೆಡ್ ಮತ್ತು ನಟ್ಟಿನ ನಡುವೆ ಇರುವ ಸಂದು ಕೂದಲೆಳೆಯಷ್ಟೂ ಇಲ್ಲ. ಅಲ್ಲಿ ತುಕ್ಕು ಊದಿಕೊಂಡರೆ ಎರಡೂ ಕಡೆಯನ್ನು ಒತ್ತಿ ಹಿಡಿಯುತ್ತೆ. ಅಲ್ಲಿಗೆ ಎಣ್ಣೆ ಇಳಿಯಬೇಕಾದರೆ ಇರುವೆ ಸಾಲಿನ ಹಾಗೆ ನಿಧಾನವಾಗಿ ಒಸರಿಕೊಂಡೇ ಹೋಗಬೇಕು. ಅಂಗಡಿಯಲ್ಲಿ ಸಿಗುವ ಸ್ಪ್ರೇ ಇದೆ. ಮೇಸ್ತ್ರಿ ಬಳಸಿದ್ದು ಡೀಸೆಲ್‌ಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿದ್ದು. ಗೇರ್ ಆಯಿಲ್‌ನ ಜಾತಿಯ ಎಟಿಎಫ್ ಮತ್ತು ಅಸಿಟೋನ್ ಅರ್ಧರ್ಧ ಬೆರೆಸುವವರೂ ಇದ್ದಾರೆ, ಆದರೆ ಅದರ ಹತ್ತಿರ ಬೆಂಕಿ ತರಬಾರದು. ಯಾವುದೇ ಆಗಲಿ, ಬೆಳಿಗ್ಗೆ ಸಂಜೆ ಎರಡು ಹನಿ ಬಿಡೋದು, ಬೋಲ್ಟಿನ ತಲೆಗೆ ಸುತ್ತಿಗೆಯಲ್ಲಿ ಟಣ್ ಟಣ್ ಅಂತ ಹೊಡೆಯೋದು. ಆ ಪೆಟ್ಟಿಗೆ ತುಕ್ಕು ಒಳಗೇ ಪುಡಿಯಾಗಿ ಎಣ್ಣೆಗೆ ದಾರಿ ಆಗುತ್ತೆ.

ತಿಕ್ಕುವಾಗ ನಾನು ಗಮನಿಸಿದ್ದು: ಬಲಗಡೆ ಸೈಲೆನ್ಸರಿನ ಬ್ರ್ಯಾಕೆಟ್ ಬೋಲ್ಟು ಎಡಗಡೆಯದಕ್ಕಿಂತ ಎಷ್ಟೋ ಹೆಚ್ಚು ತಿಂದು ಹೋಗಿತ್ತು. ಅಜ್ಜಯ್ಯನಿಗೆ ತೋರಿಸಿದೆ. ಅವರು ಜಗಲಿಯಿಂದಲೇ ನೋಡಿ, "ಅದು ಮೈಲುತುತ್ತದ ಬದಿ" ಅಂದರು.

ಹೊರಗಿನವರಿಗೆ ಸ್ವಲ್ಪ ವಿವರಿಸಬೇಕು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ ಮಲೆನಾಡಿನಲ್ಲಿ ಈ ಔಷಧಿಯನ್ನು ಬಳಕೆಗೆ ತಂದವರು. ದ್ರಾವಣ ಸರಿಯಾಗಿದೆಯಾ ಅಂತ ನೋಡಲು ಕತ್ತಿಯನ್ನು ಅದ್ದಿ ತೆಗೆಯುತ್ತಾರೆ. ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ. ನಾವು ಹತ್ತನೇ ಕ್ಲಾಸಿನಲ್ಲಿ ಕಾಪರ್ ಸಲ್ಫೇಟ್‌ಗೆ ಕಬ್ಬಿಣದ ಮೊಳೆ ಹಾಕಿ ನೋಡಿದ ಪ್ರಯೋಗವೇ ಇದು. ಕಬ್ಬಿಣ ಕರಗುತ್ತೆ, ತಾಮ್ರ ಅದರ ಜಾಗಕ್ಕೆ ಬಂದು ಕೂರುತ್ತೆ. ಅಜ್ಜಯ್ಯ ಪ್ರತಿ ಮಳೆಗಾಲ ಪೇಟೆಯಿಂದ ಮೈಲುತುತ್ತದ ಚೀಲವನ್ನು ಬೈಕಿನ ಬಲಬದಿಗೆ ಕಟ್ಟಿ ತರುತ್ತಿದ್ದರು. ಚೀಲ ನೆನೆದು ನೀಲಿ ನೀರು ಸೋರುತ್ತಿತ್ತು. ಕತ್ತಿಯಲ್ಲಿ ನಿಮಿಷದಲ್ಲಿ ಆಗುವುದು ಆ ಬೋಲ್ಟಿನಲ್ಲಿ ಇಪ್ಪತ್ತು ಮಳೆಗಾಲ ಆಗಿದೆ. ಲ್ಯಾಬ್ ರೆಕಾರ್ಡಿನಲ್ಲಿ ನಾನು ಬರೆದ ಆ ಸಮೀಕರಣಕ್ಕೆ ಇಂಥ ಉಪಯೋಗ ಇದೆ ಅಂತ ಯಾರೂ ಹೇಳಿರಲಿಲ್ಲ.

ಮೇಸ್ತ್ರಿ ನಾಡಿದ್ದು ಬಂದರು. ಅವರ ನಿಯಮ ಒಂದೇ: ಮೊದಲು ಮೆತ್ತಗಿನ ಉಪಾಯ, ಅದಾಗದಿದ್ದರೆ ಅದಕ್ಕಿಂತ ಸ್ವಲ್ಪ ಗಟ್ಟಿ, ಕೊನೆಗೇ ಡ್ರಿಲ್ಲು. ಮತ್ತೆ, ಅಗ್ಗದ್ದನ್ನು ಬಲಿ ಕೊಟ್ಟು ದುಬಾರಿಯದನ್ನು ಉಳಿಸೋದು. "ಬೋಲ್ಟು ಹತ್ತು ರೂಪಾಯಿ. ಕೇಸು ಎಲ್ಲಿಂದ ತರ್ತೀ?"

ಬಲ ಹಾಕಿದರೆ ಏನಾಗುತ್ತೆ ಅಂತ ನಾನು ಲೆಕ್ಕ ಹಾಕಿ ನೋಡಿದೆ. 6 ಮಿಲಿಮೀಟರ್ ಬೋಲ್ಟನ್ನು ಬಿಗಿ ಮಾಡೋದು ಸುಮಾರು 10 ನ್ಯೂಟನ್ ಮೀಟರ್‌ಗೆ. 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 10 ಕೆಜಿ ಭಾರದಷ್ಟು ಒತ್ತಿದರೆ ಅಲ್ಲಿಗೇ 20 ನ್ಯೂಟನ್ ಮೀಟರ್ ಆಯಿತು. ಅಷ್ಟಕ್ಕೆ ಆ ಬೋಲ್ಟಿನ ಕುತ್ತಿಗೆಯೇ ತುಂಡಾಗಬಹುದು. ಹಾಗಾಗಿ ಪೈಪ್ ಸಿಕ್ಕಿಸಿ ಎಳೆಯುವವನು ಬೋಲ್ಟ್ ಬಿಚ್ಚುತ್ತಿಲ್ಲ, ಮುರಿಯುತ್ತಿದ್ದಾನೆ. ಮೇಸ್ತ್ರಿ ಮಾಡಿದ್ದು ಉಲ್ಟಾ. ಮೊದಲು ಒಂದು ಚೂರು ಬಿಗಿ ಮಾಡುವ ಕಡೆಗೇ ತಿರುಗಿಸಿದರು. 'ಕಿರ್' ಅಂದ ಕೂಡಲೇ ಬಿಚ್ಚುವ ಕಡೆಗೆ ಒಂದು ಚೂರು, ಮತ್ತೆ ಹಿಂದೆ, ಮತ್ತೆ ಎಣ್ಣೆ. ಬಿಡಿಸಬೇಕಾದದ್ದು ಹಿಡಿತವನ್ನು, ಅದು ಯಾವ ಕಡೆ ಬಿಟ್ಟರೂ ಬಿಟ್ಟ ಹಾಗೆಯೇ.

ಎಂಜಿನ್ ಕವರಿನ ಸ್ಕ್ರೂಗಳು ಸೀಳು ತಲೆಯವು. ಸ್ಕ್ರೂ ಕಬ್ಬಿಣ, ಕವರ್ ಅಲ್ಯೂಮಿನಿಯಂ. ಇಲ್ಲಿ ನಮ್ಮ ಬಚ್ಚಲ ಹಂಡೆ ಕೆಲಸಕ್ಕೆ ಬಂತು. ಅಮ್ಮ ಒಲೆಗೆ ಇನ್ನೆರಡು ಕಟ್ಟಿಗೆ ತಳ್ಳಿ ನೀರು ಕುದಿಸಿ ಕೊಟ್ಟರು, ಕವರಿನ ಮೇಲೆ ಚೊಂಬಿನಲ್ಲಿ ಹೊಯ್ದೆವು. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಪಾಲು ಹಿಗ್ಗುತ್ತೆ, ಉಕ್ಕು 12 ಪಾಲು. 25 ಡಿಗ್ರಿಯಿಂದ 95ಕ್ಕೆ ಏರಿದರೆ 6 ಮಿಲಿಮೀಟರ್ ರಂಧ್ರ ಸ್ಕ್ರೂಗಿಂತ ಸುಮಾರು 4.6 ಮೈಕ್ರಾನ್ ಹೆಚ್ಚು ಅಗಲ ಆಗುತ್ತೆ. ತಲೆಗೂದಲಿನ ಹತ್ತರಲ್ಲೊಂದು ಪಾಲೂ ಇಲ್ಲ. ಆದರೆ ತುಕ್ಕಿನ ಹಿಡಿತ ತಪ್ಪಿಸಲು ಅಷ್ಟು ಸಾಕು. ನೀರು ಹೊಯ್ದ ತಕ್ಷಣ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರು. ಅದರ ಕರಾಮತ್ತು ಏನೆಂದರೆ ಪೆಟ್ಟು ಬಿದ್ದಾಗ ಸ್ಕ್ರೂವನ್ನು ಒಳಕ್ಕೆ ಒತ್ತುತ್ತಾ ತಿರುಗಿಸುತ್ತೆ, ಹಾಗಾಗಿ ತುದಿ ಜಾರಿ ತಲೆ ಹಾಳಾಗೋದಿಲ್ಲ. ನಾಲ್ಕು ಸ್ಕ್ರೂ ಹೀಗೇ ಬಂದವು.

ಐದನೆಯದು ತಲೆ ಪೂರ್ತಿ ಸವೆದಿತ್ತು. ಯಾರೋ ಯಾವಾಗಲೋ ಉಳಿ ಇಟ್ಟು ಹೊಡೆದು, ಮೇಲೆ ಎಂ-ಸೀಲ್ ಮೆತ್ತಿದ್ದರು. ಮೇಸ್ತ್ರಿ ಅದರ ತಲೆಯನ್ನು ಮಾತ್ರ ಡ್ರಿಲ್ ಮಾಡಿ ಹಾರಿಸಿದರು. ನನಗೆ ಗಾಬರಿ. ಅವರು ನಗುತ್ತಾ ಕವರ್ ಎತ್ತಿದರು. ಕವರ್ ಹೋದ ಮೇಲೆ ಸ್ಕ್ರೂವಿನ ದೇಹ ಕೇಸಿನಿಂದ ಒಂದು ಗೇಣ್ಬೆರಳಷ್ಟು ಹೊರಗೆ ನಿಂತಿತ್ತು. ಗ್ರಿಪ್ ಪ್ಲೈಯರ್‌ನಲ್ಲಿ ಹಿಡಿದು ತಿರುಗಿಸಿದರೆ ಬೆಣ್ಣೆಯ ಹಾಗೆ ಬಂತು. ಕಾರಣ ಆಮೇಲೆ ಹೊಳೆಯಿತು. ಬೋಲ್ಟ್ ಬಿಗಿ ಮಾಡುವಾಗ ನಾವು ಹಾಕುವ ಶ್ರಮದ ಅರ್ಧ ತಲೆಯ ಕೆಳಗಿನ ಘರ್ಷಣೆಗೇ ಹೋಗುತ್ತೆ, ಉಳಿದದ್ದರಲ್ಲಿ ಹೆಚ್ಚು ಪಾಲು ಥ್ರೆಡ್ಡಿನ ಘರ್ಷಣೆಗೆ, ನಿಜವಾಗಿ ಹಿಡಿದಿಡೋದಕ್ಕೆ ಸಿಗೋದು ಹತ್ತರಲ್ಲೊಂದು ಪಾಲು. ತಲೆ ಹಾರಿಸಿದ ಕೂಡಲೇ ಅರ್ಧ ಜಗಳ ಮುಗಿಯಿತು, ಎಳೆತವೂ ಹೋಯಿತು.

ಮೈಲುತುತ್ತದ ಬದಿಯ ನಟ್ಟಿಗೆ ಆರು ಮೂಲೆಯೂ ಉಳಿದಿರಲಿಲ್ಲ, ಗೋಲಿಯ ಹಾಗೆ ಆಗಿತ್ತು. ಇಂಥದ್ದಕ್ಕೆ ಕ್ರಮ ಇದೆ. ಹನ್ನೆರಡು ಮೂಲೆಯ ಸಾಕೆಟ್ ಬಿಟ್ಟು ಆರು ಮೂಲೆಯದನ್ನು ಹಾಕಬೇಕು, ಅದು ಮೂಲೆಯನ್ನಲ್ಲ, ಚಪ್ಪಟೆ ಬದಿಯನ್ನು ಹಿಡಿಯುತ್ತೆ. ಆಗದಿದ್ದರೆ ಒಂದು ಸೈಜ್ ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಬೇಕು. ಆಗದಿದ್ದರೆ ಅರದಿಂದ ಎದುರುಬದುರು ಎರಡು ಬದಿ ಚಪ್ಪಟೆ ಮಾಡಿ ಹಿಡಿಯಬೇಕು. ನಮ್ಮದಕ್ಕೆ ಮೂರೂ ಆಗಲಿಲ್ಲ, ಅಷ್ಟು ಪುಡಿಯಾಗಿತ್ತು. ಕೊನೆಗೆ ಚಾಣ ಇಟ್ಟು ನಟ್ಟನ್ನು ಅಡ್ಡಕ್ಕೆ ಸೀಳಿದರು. ಎರಡು ಹೋಳಾಗಿ ಬಿತ್ತು.

ಮಧ್ಯದಲ್ಲಿ ಮೇಸ್ತ್ರಿಗೆ ಬೇರೆ ಊರಿನ ಕೆಲಸ ಬಂದಾಗ ನಾನೂ ಹಿಂದೆ ಕೂತು ಹೋದೆ. ಎನ್.ಆರ್. ಪುರದಲ್ಲಿ ನಮ್ಮ ಮಾವನ ಆರ್‌ಎಕ್ಸ್ 100. 1985ರಿಂದ 1996ರ ತನಕ ಬಂದ ಯಮಹಾ ಬೈಕು, ನಮ್ಮ ಹಾಸ್ಟೆಲ್ ಹುಡುಗರ ಕನಸು. ಅದರ ಕವರಿನ ಪ್ಲಸ್ ಸ್ಕ್ರೂಗಳೆಲ್ಲ ಹೂವಿನ ಹಾಗೆ ಅರಳಿದ್ದವು. ಸ್ಕ್ರೂಡ್ರೈವರ್ ಒಳ್ಳೆಯದೇ, ಆದರೆ ಜಾತಿ ಬೇರೆ. ಅಂಗಡಿಯ ಸಾಮಾನ್ಯ ಡ್ರೈವರ್ ಫಿಲಿಪ್ಸ್ ಮಾದರಿಯದು, ಬೈಕಿನದು ಜಪಾನಿನ ಜೆಐಎಸ್ ಮಾದರಿ. ನೋಡಲು ಎರಡೂ ಪ್ಲಸ್ಸೇ. ಫಿಲಿಪ್ಸ್‌ನ ಮೂಗು ಉದ್ದ, ಅದು ತಳಕ್ಕೆ ತಾಗಿ ನಿಂತು ರೆಕ್ಕೆಗಳು ಪೂರ್ತಿ ಕೂರೋದಿಲ್ಲ, ಬಲ ಹಾಕಿದರೆ ಮೇಲಕ್ಕೆ ಜಾರುತ್ತೆ. ತಲೆಯ ಮೇಲೆ ಒಂದು ಚಿಕ್ಕ ಚುಕ್ಕೆ ಇದ್ದರೆ ಅದು ಜೆಐಎಸ್. ಮೇಸ್ತ್ರಿ ಹಳೆ ಡ್ರೈವರಿನ ಮೂಗನ್ನು ಗ್ರೈಂಡರ್‌ಗೆ ಒಂಚೂರು ಹಿಡಿದು ಮೊಂಡು ಮಾಡಿಟ್ಟುಕೊಂಡಿದ್ದಾರೆ. ಜೆಐಎಸ್ ಅನ್ನುವ ಹೆಸರು ಅವರಿಗೆ ಬೇಕಾಗಿಲ್ಲ, "ಜಪಾನ್ ಗಾಡಿಗೆ ಮೂಗು ಕುಯ್ದ ಡ್ರೈವರ್" ಅಂತಾರೆ.

ಶೃಂಗೇರಿಯಲ್ಲಿ ಒಂದು ಹಳೆ ಬುಲೆಟ್. 1955ರಿಂದ ಮದ್ರಾಸಿನಲ್ಲಿ ತಯಾರಾದರೂ ಹಳೆಯ ಬುಲೆಟ್ ಬೋಲ್ಟುಗಳು ಬಹುಪಾಲು ಇಂಗ್ಲೆಂಡಿನ ಅಳತೆಯವು. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸಿದ ಪದ್ಧತಿಯ ವಂಶದವು. ಅವನ ಥ್ರೆಡ್ಡಿನ ಕೋನ 55 ಡಿಗ್ರಿ, ಮೆಟ್ರಿಕ್‌ದು 60. ಕಾಲಿಂಚಿನ ವಿಟ್‌ವರ್ತ್ ಬೋಲ್ಟಿನ ತಲೆ 13.3 ಮಿಲಿಮೀಟರ್. 13ರ ಸ್ಪ್ಯಾನರ್ ಹೋಗೋದಿಲ್ಲ, 14ರದು ಸಡಿಲ. ಆ ಸಡಿಲದಲ್ಲಿ ಎಷ್ಟು ಬುಲೆಟ್‌ಗಳ ಬೋಲ್ಟು ಗುಂಡಗಾಗಿವೆಯೋ! ಇದರಲ್ಲಿ ಒಂದು ಸ್ಟಡ್ಡು ಚೇಸಿಸ್ ಮಟ್ಟಕ್ಕೇ ತುಂಡಾಗಿತ್ತು. ಅದರ ಮೇಲೆ ಒಂದು ನಟ್ಟು ಇಟ್ಟು ನಟ್ಟಿನ ತೂತಿನೊಳಗೇ ವೆಲ್ಡಿಂಗ್ ತುಂಬಿದರು. ಹಿಡಿಯಲು ತಲೆಯೂ ಆಯಿತು, ಒಳಗೆ ಕಾವೂ ಆಯಿತು, ಸ್ಪ್ಯಾನರಿಗೆ ಬಂತು. ಈಸಿ ಔಟ್ ಅನ್ನುವ ಟೂಲ್ ಇದೆಯಲ್ಲ ಅಂತ ಕೇಳಿದೆ. "ಅದು ಒಳಗೆ ಮುರಿದ್ರೆ ಡ್ರಿಲ್ಲೂ ಹತ್ತೂದಿಲ್ಲ, ಅಷ್ಟು ಗಟ್ಟಿ. ಹೆಸರು ಮಾತ್ರ ಈಸಿ" ಅಂದರು.

ಒಂದೇ ಜಿಲ್ಲೆಯ ಮೂರು ತಾಲ್ಲೂಕು, ಜೆಕ್, ಜಪಾನ್, ಇಂಗ್ಲೆಂಡ್ ಮೂರು ದೇಶದ ಪದ್ಧತಿ, ಕೆಲಸ ಎಲ್ಲ ಒಬ್ಬರ ಒಂದು ಚೀಲದಲ್ಲಿ. ನಮ್ಮ ಲ್ಯಾಬಿನಲ್ಲಿ ಇದಕ್ಕೆ ಮೂರು ಸೆಟ್ ಟೂಲ್‌ಗೆ ಇಂಡೆಂಟ್ ಹಾಕುತ್ತಿದ್ದೆವು.

ಕೊನೆಗೆ ಉಳಿದದ್ದು ನಮ್ಮ ಯೆಜ್ಡಿಯ ಸೈಲೆನ್ಸರ್ ಪೈಪನ್ನು ಸಿಲಿಂಡರಿಗೆ ಹಿಡಿದಿಡುವ ಬಳೆಯಂಥ ಎರಡು ನಟ್ಟು. ಶರತ್ತಿನಲ್ಲಿದ್ದ ಥ್ರೆಡ್ಡು ಇದೇ. ಇದಕ್ಕೆ ಕೊಕ್ಕೆ ಸ್ಪ್ಯಾನರ್ ಬೇಕು. ಟೂ ಸ್ಟ್ರೋಕ್ ಆದ್ದರಿಂದ ಸುಟ್ಟ ಎಣ್ಣೆಯ ಮಸಿ ಥ್ರೆಡ್ಡಿನಲ್ಲಿ ಇಳಿದು ಕಿಟ್ಟ ಕಟ್ಟಿತ್ತು. ಪೆಟ್ರೋಲ್ ಟ್ಯಾಂಕ್, ಕಾರ್ಬುರೇಟರ್ ಎರಡನ್ನೂ ಬಿಚ್ಚಿ ದೂರ ಇಟ್ಟು, ಗ್ಯಾಸ್ ಟಾರ್ಚಿನಿಂದ ನಟ್ಟನ್ನು ಮಾತ್ರ ಸುತ್ತಲೂ ಕಾಯಿಸಿದರು, ಒಳಗಿನದಕ್ಕೆ ಕಾವು ಏರುವ ಮೊದಲೇ ಕೊಕ್ಕೆ ಹಾಕಿ ತಟ್ಟಿದರು. ಬರಲಿಲ್ಲ. ಆರಲು ಬಿಟ್ಟು, ಎಣ್ಣೆ ಬಿಟ್ಟು, ಮಾರನೇ ದಿನ ಮತ್ತೆ. ಮೂರು ದಿನ ಹೀಗೆ. ಅಪ್ಪಯ್ಯ ಅಡಿಕೆ ಸುಲಿಯುವ ಕಡೆಯಿಂದ ಎದ್ದು ಬಂದು ನೋಡೋದು, ಏನೂ ಮಾತಾಡದೆ ಹೋಗೋದು. ಮೂರನೇ ದಿನ ಸಂಜೆ ಎಡಗಡೆಯದು ಒಂದು ಗೋಧಿಕಾಳಿನಷ್ಟು ಸರಿಯಿತು. ಮೇಸ್ತ್ರಿ ಅಲ್ಲಿಗೇ ನಿಲ್ಲಿಸಿದರು. "ಇವತ್ತಿಗೆ ಸಾಕು" ಅಂದರು. ಮರುದಿನ ಎರಡೂ ಬಂದವು. ಥ್ರೆಡ್ ಹೊಸದರ ಹಾಗೆ ಹೊಳೆಯುತ್ತಿತ್ತು.

ಆಮೇಲಿನದು ಬೇಗ ಆಯಿತು. ಕಾರ್ಬುರೇಟರ್, ಪಾಯಿಂಟ್, ಹೊಸ ಪ್ಲಗ್. ಸ್ಟಾರ್ಟ್ ಆದ ದಿನ ನಾನು ಅಜ್ಜಯ್ಯನನ್ನು ಕೇಳಿದೆ, ಇಟ್ಟುಕೊಳ್ಳೋಣವಾ ಅಂತ. ಫೀಸಿಗೆ ಲೋನ್ ಮಾಡಬಹುದು ಅಂತಲೂ ಹೇಳಿದೆ. ಅವರು, "ತೋಟ ಉಳಿಸ್ಲಿಕ್ಕೆ ಆಗ್ಲಿಲ್ಲ. ಬೈಕು ಉಳಿಸಿ ಎಂತ ಮಾಡೂದು? ನೀ ಓದು" ಅಂದರು. ಅದರಲ್ಲಿ ಬೇಜಾರು ಎಷ್ಟಿತ್ತೋ ಸಮಾಧಾನ ಎಷ್ಟಿತ್ತೋ, ನನಗೆ ಗೊತ್ತಾಗಲಿಲ್ಲ.

ಬೈಕು ಹೋಗುವುದು ಗೊತ್ತಾದ ಮೇಲೂ ಮೇಸ್ತ್ರಿ ಒಂದೊಂದೇ ಬೋಲ್ಟನ್ನು ತೊಳೆದು, ಥ್ರೆಡ್ಡಿಗೆ ಗ್ರೀಸ್ ಸವರಿ, ಕೈಯಲ್ಲೇ ಎರಡು ಸುತ್ತು ಹಾಕಿ, ಆಮೇಲೆ ಸ್ಪ್ಯಾನರ್ ಹಿಡಿದರು. ಬೈಕು ಮೈಸೂರಿಗೆ ಹೋಗ್ತದಲ್ಲ ಮೇಸ್ತ್ರಿ, ಇನ್ನು ನಿಮ್ಮ ಕೈಗೆ ಬರೂದಿಲ್ಲ ಅಂದೆ. "ಯಾರ ಕೈಗೋ ಬರ್ತದಲ್ಲ" ಅಂದರು. ಎಂ-ಸೀಲ್ ಮೆತ್ತಿದವನಿಗೂ ಇವರಿಗೂ ಇರುವ ವ್ಯತ್ಯಾಸ ಇಷ್ಟೇ, ಇವರಿಗೆ ಮುಂದೆ ಬಿಚ್ಚುವವನ ನೆನಪಿದೆ. ಎಂಜಿನಿಯರಿಂಗ್‌ನಲ್ಲಿ ಇದಕ್ಕೊಂದು ಪೇಪರ್ ಇಲ್ಲ. ಕೋಡ್ ಬರೆಯುವ ಗೆಳತಿಗೆ ಹೇಳಿದರೆ ಅವಳು, ಇದೇ ನಮ್ಮಲ್ಲೂ ದೊಡ್ಡ ಸಮಸ್ಯೆ, ಹಿಂದಿನವರು ಬರೆದಿಟ್ಟದ್ದನ್ನು ಬಿಚ್ಚೋಕೇ ಆಗಲ್ಲ ಅಂದಳು.

ಬಂದವರು ಥ್ರೆಡ್ ನೋಡಿದರು, ಕೇಸ್ ನೋಡಿದರು, ಕಿಕ್ ಹೊಡೆದರು, ಚೌಕಾಸಿ ಮಾಡದೆ ಹೇಳಿದ ದುಡ್ಡು ಕೊಟ್ಟರು. ಅಪ್ಪಯ್ಯ ಮೇಸ್ತ್ರಿಗೆ ಕೊಟ್ಟು ಉಳಿದದ್ದನ್ನು ಬ್ಯಾಂಕಿಗೆ ಹಾಕಿದರು.

ಮಳೆಗಾಲ ಹತ್ತಿರ ಬರ್ತಿದೆ. ನಮ್ಮ ಹಾಸ್ಟೆಲ್ ಪಾರ್ಕಿಂಗ್‌ನಲ್ಲಿ ಶೀಟ್ ಇಲ್ಲದ ಕಡೆ ನಿಂತ ಬೈಕ್ ಕಡಿಮೆಯೇನಿಲ್ಲ. ಒಂದು ಭಾನುವಾರ ಅರ್ಧ ಗಂಟೆ ತೆಗೆಯಿರಿ. ಸೈಲೆನ್ಸರ್ ಬೋಲ್ಟು, ಕನ್ನಡಿಯ ಬೋಲ್ಟು, ಚೈನ್ ಟೈಟ್ ಮಾಡುವ ನಟ್ಟು, ಇವನ್ನು ಒಂದೊಂದಾಗಿ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ, ಮತ್ತೆ ಸರಿಯಾಗಿ ಬಿಗಿ ಮಾಡಿ. ಬ್ರೇಕ್ ಡಿಸ್ಕಿಗೂ ಪ್ಯಾಡಿಗೂ ಮಾತ್ರ ಗ್ರೀಸ್ ತಾಗಬಾರದು. ಸರಿಯಾದ ಸೈಜಿನ ಸ್ಪ್ಯಾನರ್ ಇಲ್ಲದಿದ್ದರೆ ಬಿಚ್ಚಲೇ ಬೇಡಿ, ವರ್ಕ್‌ಶಾಪ್‌ನಿಂದ ಕೇಳಿ ತನ್ನಿ. ಈಗಾಗಲೇ ಕಚ್ಚಿಕೊಂಡಿದ್ದರೆ ಎರಡು ಹನಿ ಎಣ್ಣೆ ಬಿಟ್ಟು ಹೋಗಿ ಮಲಗಿ, ನಾಳೆ ನೋಡಿದರಾಯಿತು.